ಬಲಗಡೆಯ ಸ್ಕ್ರೂ: ಬೇರುಗಳ ನಡುವೆ ಜಾಗ ಹುಡುಕಿದ ಒಂದು ಪ್ರಕರಣ

ಮೂರನೇ ವಾರ ಬಂದು ಕುರ್ಚಿಯಲ್ಲಿ ಕೂತವಳು ಹೇಳಿದ್ದು ಒಂದೇ ಮಾತು. "ಸರ್, ರೊಟ್ಟಿ ಕಡಿಯುವಾಗ ಬಲಗಡೆ ಜುಮ್ ಅಂತದ್ರಿ."

ಬಾಯಿ ತೆರೆಸಿ ನೋಡಿದೆ. ಮೇಲ್ದವಡೆಯಲ್ಲಿ ನಾನೇ ಕೂರಿಸಿದ್ದ ಮಿನಿಸ್ಕ್ರೂ, ಅಂದರೆ ಹಲ್ಲು ಎಳೆಯಲು ಆಸರೆಯಾಗಿ ಎಲುಬಿಗೆ ಹಾಕುವ ಸಣ್ಣ ಮೊಳೆ, ಚಿಮಟದ ತುದಿ ತಾಗಿದರೆ ಸಾಕು, ಅಲ್ಲಾಡುತ್ತಿತ್ತು. ಸುತ್ತ ವಸಡು ಕೆಂಪಾಗಿತ್ತು. ಎಡಗಡೆಯದು ಮಾತ್ರ ಗೂಟ ಬಡಿದ ಹಾಗೆ ನಿಂತಿತ್ತು. ಒಂದೇ ಬಾಯಿ, ಒಂದೇ ದಿನ, ಒಂದೇ ಅಳತೆಯ ಸ್ಕ್ರೂ, ಕೂರಿಸಿದ್ದು ಅದೇ ಕೈ. ಬಲಗಡೆ ಏನು ತಪ್ಪಿತು ಅನ್ನುವುದನ್ನು ಕಂಡುಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಲಬುರಗಿಯಲ್ಲಿ ಆರ್ಥೊಡಾಂಟಿಸ್ಟ್. ಇಲ್ಲಿ ಎಲ್ಲರೂ ಕರೆಯುವ ಹಾಗೆ ಹೇಳಿದರೆ ಕ್ಲಿಪ್ ಹಾಕುವ ಡಾಕ್ಟರ್. ರೋಗಿಯ ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಇಪ್ಪತ್ತರ ಹುಡುಗಿ. ಜೇವರ್ಗಿ ಕಡೆಯ ಹಳ್ಳಿ. ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಮೇಲಿನ ಮುಂದಿನ ಹಲ್ಲುಗಳು ಕೆಳಗಿನವುಗಳಿಗಿಂತ 9 ಮಿಲಿಮೀಟರ್ ಮುಂದಕ್ಕೆ ಚಾಚಿದ್ದವು. ತುಟಿ ಮುಚ್ಚಲು ಗದ್ದ ಬಿಗಿ ಹಿಡಿಯಬೇಕಿತ್ತು. ನಗುವಾಗ ಕೈ ಅಡ್ಡ ಬರುತ್ತಿತ್ತು. ಹಲ್ಲಿನ ಮೇಲೆ ಅಲ್ಲಲ್ಲಿ ಕಂದು ಗೆರೆಗಳೂ ಇದ್ದವು. ಈ ಭಾಗದ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಿಂದ ಅದನ್ನೇ ಕುಡಿದ ಮಕ್ಕಳ ಹಲ್ಲು ಹೀಗಾಗುತ್ತದೆ. ಇಂಥ ಹಲ್ಲಿಗೆ ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು, ಸರಿಯಾಗಿ ಅಂಟುವುದಿಲ್ಲ, ಆಗಾಗ ಉದುರುತ್ತದೆ. ಅದು ಬೇರೆ ತಲೆನೋವು.

ಮಾಡಬೇಕಾದ ಕೆಲಸ ಸ್ಪಷ್ಟವಾಗಿತ್ತು. ಮೇಲ್ದವಡೆಯಲ್ಲಿ ಕೋರೆ ಹಲ್ಲಿನ ಪಕ್ಕದ ಚಿಕ್ಕ ದವಡೆ ಹಲ್ಲನ್ನು, ಅಂದರೆ ಮೊದಲ ಪ್ರೀಮೋಲಾರನ್ನು ಎರಡೂ ಕಡೆ ಕೀಳಿಸಬೇಕು. ಹಾಗೆ ಸಿಗುವ ಒಂದೊಂದು ಕಡೆಯ ಏಳು ಮಿಲಿಮೀಟರ್ ಜಾಗಕ್ಕೆ ಮುಂದಿನ ಆರು ಹಲ್ಲುಗಳನ್ನು ಹಿಂದಕ್ಕೆ ಎಳೆಯಬೇಕು.

ತೊಡಕು ಇರುವುದು ಈ ಎಳೆಯುವುದರಲ್ಲೇ. ಕರಿ ಮಣ್ಣಿನಲ್ಲಿ ಹೂತ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದನ್ನು ನೀವು ನೋಡಿರಬಹುದು. ಎಳೆಯುವುದೂ ಅದೇ ಮಣ್ಣಲ್ಲಿ ನಿಂತಿದ್ದರೆ ಅದೂ ಜಾರಿ ಹತ್ತಿರ ಬರುತ್ತದೆ. ಹಲ್ಲಿನಲ್ಲೂ ಹಾಗೇ. ಹಿಂದಿನ ದವಡೆ ಹಲ್ಲಿಗೆ ಸ್ಪ್ರಿಂಗ್ ಕಟ್ಟಿ ಮುಂದಿನ ಹಲ್ಲುಗಳನ್ನು ಎಳೆದರೆ ದವಡೆ ಹಲ್ಲೂ ಮುಂದೆ ಬರುತ್ತದೆ. ಏಳರಲ್ಲಿ ಎರಡು ಮೂರು ಮಿಲಿಮೀಟರ್ ಅಲ್ಲೇ ಹೋಗಿಬಿಡುತ್ತದೆ. ಈಕೆಗೆ ಅಷ್ಟು ಕಳೆದುಕೊಳ್ಳುವ ಅವಕಾಶವೇ ಇರಲಿಲ್ಲ.

ಹಳೆಯ ಕಾಲದ ದಾರಿ ಹೆಡ್‌ಗೇರ್. ಕುತ್ತಿಗೆಗೋ ತಲೆಗೋ ಪಟ್ಟಿ ಕಟ್ಟಿಕೊಂಡು ದಿನಕ್ಕೆ ಹತ್ತು ಹನ್ನೆರಡು ಗಂಟೆ ಇರಬೇಕು. ಫೋಟೋ ತೋರಿಸಿದೆ. ಆಕೆ ಫೋಟೋ ನೋಡಿ ಅಪ್ಪನ ಮುಖ ನೋಡಿದಳು. ಆ ಮಾತು ಅಲ್ಲಿಗೇ ಮುಗಿಯಿತು. ಹಾಸ್ಟೆಲ್‌ನಲ್ಲಿ ಅದನ್ನು ಯಾರು ತಾನೇ ಹಾಕಿಕೊಳ್ಳುತ್ತಾರೆ?

ಹಾಗಾಗಿ ಮಿನಿಸ್ಕ್ರೂ. ಟೈಟೇನಿಯಂ ಮಿಶ್ರಲೋಹದ ಸಣ್ಣ ಮೊಳೆ ಇದು. ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು, ಉದ್ದ ಆರರಿಂದ ಹನ್ನೆರಡು. ಇದನ್ನು ಎಲುಬಿಗೆ ತಿರುಗಿಸಿ ಕೂರಿಸಿ, ಅದರಿಂದ ಸ್ಪ್ರಿಂಗ್ ಎಳೆದರೆ ದವಡೆ ಹಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ತಿರುಗಿಸಿ ತೆಗೆದರೆ ಆಯಿತು. ಈ ಯೋಚನೆ ಹೊಸದೇನಲ್ಲ. 1945ರಲ್ಲೇ ಅಮೆರಿಕದ ಗೇನ್ಸ್‌ಫೋರ್ತ್ ಮತ್ತು ಹಿಗ್ಲಿ ನಾಯಿಗಳ ದವಡೆಯಲ್ಲಿ ಸ್ಕ್ರೂ ಹಾಕಿ ನೋಡಿದ್ದರು. ಒಂದೇ ತಿಂಗಳೊಳಗೆ ಎಲ್ಲವೂ ಕಳಚಿಬಿದ್ದವು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಒಬ್ಬ ರೋಗಿಯ ಮೂಗಿನ ಬುಡದ ಎಲುಬಿನಲ್ಲಿ ಸ್ಕ್ರೂ ಹಾಕಿ ಮುಂದಿನ ಹಲ್ಲುಗಳನ್ನು ಮೇಲೆತ್ತಿ ತೋರಿಸಿದರು. 1997ರಲ್ಲಿ ಜಪಾನಿನ ಕಾನೊಮಿ ಬರೀ 1.2 ಮಿಲಿಮೀಟರ್ ದಪ್ಪದ್ದನ್ನು ತಂದ ಮೇಲೆ ಬೇರುಗಳ ನಡುವಿನ ಇಕ್ಕಟ್ಟಿನಲ್ಲಿ ಹಾಕುವುದು ರೂಢಿಯಾಯಿತು.

ಎಲುಬು ಒಂದು ಮಾತು ಹೇಳುತ್ತದೆ, ವಸಡು ಇನ್ನೊಂದು

ಎಲ್ಲಿ ಹಾಕಬೇಕು ಅನ್ನುವುದಕ್ಕೆ ನಮ್ಮಲ್ಲಿ ನಕ್ಷೆಗಳಿವೆ. 2006ರಲ್ಲಿ ಇಟಲಿಯ ಪೊಜ್ಜಿಯೊ ಮತ್ತು ಜೊತೆಗಾರರು 25 ಮೇಲ್ದವಡೆ, 25 ಕೆಳದವಡೆಗಳ ಸ್ಕ್ಯಾನ್ ತೆಗೆದುಕೊಂಡು, ಬೇರುಗಳ ನಡುವೆ ಯಾವ ಎತ್ತರದಲ್ಲಿ ಎಷ್ಟು ಜಾಗವಿದೆ ಅಂತ ಅಳೆದರು. ಮೇಲ್ದವಡೆಯಲ್ಲಿ ಎರಡನೇ ಪ್ರೀಮೋಲಾರ್ ಮತ್ತು ಮೊದಲ ದವಡೆ ಹಲ್ಲಿನ ನಡುವೆ, ಅದರಲ್ಲೂ ಅಂಗುಳಿನ ಕಡೆ, ಒಳ್ಳೆಯ ಜಾಗವಿದೆ. ಮೇಲಿನ ಕೊನೆಯ ದವಡೆ ಹಲ್ಲಿನ ಹಿಂದಿರುವ ಉಬ್ಬಿನಲ್ಲಿ ಎಲುಬು ತೀರಾ ಕಡಿಮೆ. ಕೆಳದವಡೆಯಲ್ಲಿ ಮೊದಲ ಮತ್ತು ಎರಡನೇ ದವಡೆ ಹಲ್ಲಿನ ನಡುವೆ, ಮತ್ತೆ ಎರಡು ಪ್ರೀಮೋಲಾರ್‌ಗಳ ನಡುವೆ ಜಾಗ ಚೆನ್ನಾಗಿದೆ. ಇದನ್ನು ನಾವೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದವರೇ.

ಲೆಕ್ಕವೂ ಸರಳ. ಸ್ಕ್ರೂ 1.6 ಮಿಲಿಮೀಟರ್ ಇದ್ದರೆ ಎರಡೂ ಪಕ್ಕದಲ್ಲಿ ಒಂದೊಂದು ಮಿಲಿಮೀಟರ್ ಬಿಡಬೇಕು. ಒಟ್ಟು ಮೂರೂವರೆಗಿಂತ ಸ್ವಲ್ಪ ಜಾಸ್ತಿ ಬೇಕು. ಅದಕ್ಕಿಂತ ಕಡಿಮೆಯಾದರೆ ಬೇರಿನ ಸುತ್ತಲಿನ ತೆಳು ಪೊರೆಗೆ ಸ್ಕ್ರೂ ತಾಗುತ್ತದೆ. ಜಗಿದಾಗಲೆಲ್ಲ ಹಲ್ಲು ಕೂದಲೆಳೆಯಷ್ಟು ಅಲುಗುತ್ತದೆ. ಆ ಅಲುಗಾಟ ಸ್ಕ್ರೂಗೆ ತಾಗಿ ತಾಗಿ ಅದು ಸಡಿಲಾಗುತ್ತದೆ.

ಸಾಮಾನ್ಯವಾಗಿ ಬೇರು ತುದಿಗೆ ಹೋದಂತೆ ಸಣ್ಣದಾಗುತ್ತದೆ. ಹಾಗಾಗಿ ಮೇಲಕ್ಕೆ ಹೋದಷ್ಟೂ ಎರಡು ಬೇರುಗಳ ನಡುವೆ ಜಾಗ ಹೆಚ್ಚು. ಎಲುಬು "ಮೇಲೆ ಬಾ" ಅನ್ನುತ್ತದೆ. ವಸಡಿನ ಮಾತೇ ಬೇರೆ. ಹಲ್ಲಿನ ಬುಡದಲ್ಲಿ ಎಲುಬಿಗೆ ಬಿಗಿಯಾಗಿ ಅಂಟಿದ ಗಟ್ಟಿ ವಸಡಿನ ಪಟ್ಟಿ ಒಂದಿದೆ. ಅದರ ಮೇಲೆ ಕೆನ್ನೆಯ ಜೊತೆ ಅಲ್ಲಾಡುವ ಸಡಿಲ ಚರ್ಮ. ಸಡಿಲ ಚರ್ಮದಲ್ಲಿ ಸ್ಕ್ರೂ ಹಾಕಿದರೆ ಅದು ತಿಕ್ಕಿ ತಿಕ್ಕಿ ಊದಿಕೊಳ್ಳುತ್ತದೆ, ಕೆಲವೊಮ್ಮೆ ಸ್ಕ್ರೂವಿನ ತಲೆಯನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಗಟ್ಟಿ ವಸಡಿನ ಅಂಚಿನಲ್ಲೇ ಚುಚ್ಚಿ, 30 ರಿಂದ 40 ಡಿಗ್ರಿ ಓರೆ ಮಾಡಿ ತುದಿಯನ್ನು ಮೇಲಕ್ಕೆ ಕಳಿಸಬೇಕು. ಹೀಗೆ ಮಾಡಿದರೆ ಎರಡೂ ಕಡೆ ಸರಿಹೋಗುತ್ತದೆ.

ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ ಅಂತ ಈಗ ಹೇಳುತ್ತೇನೆ.

ಆ ದಿನ

ಚಿಕಿತ್ಸೆ ಶುರುವಾಗಿ ಆರು ತಿಂಗಳಾಗಿತ್ತು. ಹಲ್ಲು ಸಾಲಾಗಿ ನಿಂತಿದ್ದವು. ಓಪಿಜಿ, ಅಂದರೆ ಇಡೀ ದವಡೆಯ ಅಗಲ ಎಕ್ಸ್‌ರೇ, ಕಂಪ್ಯೂಟರಿನಲ್ಲಿ ತೆರೆದು ಎರಡೂ ಕಡೆ ಎರಡನೇ ಪ್ರೀಮೋಲಾರ್ ಮತ್ತು ಮೊದಲ ದವಡೆ ಹಲ್ಲಿನ ಬೇರುಗಳ ಅಂತರ ಅಳೆದೆ. ಕೆನ್ನೆಯ ಕಡೆಯಿಂದ ಸ್ಕ್ರೂ ಹಾಕಬೇಕಿದ್ದದ್ದು ಅಲ್ಲೇ. ಎರಡೂ ಕಡೆ ನಾಲ್ಕರ ಹತ್ತಿರ ಬಂತು. ಸಮಾಧಾನವಾಯಿತು.

ಇಲ್ಲಿ ಎರಡು ಎಡವಟ್ಟು ಆಗಿದ್ದವು. ಮೊದಲನೆಯದು, ಓಪಿಜಿ ಚಿತ್ರವನ್ನು ಹಿಗ್ಗಿಸುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಅಲ್ಲಿ ನಾಲ್ಕು ಕಂಡದ್ದು ಬಾಯಿಯಲ್ಲಿ ಮೂರೇ ಇರಬಹುದು. ಎರಡನೆಯದು ಇನ್ನೂ ನಾಚಿಕೆಯ ವಿಷಯ. ಬಲಗಡೆ ನಾನು ಅಳತೆ ತೆಗೆದದ್ದು ಎಲುಬಿನ ಅಂಚಿನಿಂದ ಎಂಟು ಮಿಲಿಮೀಟರ್ ಮೇಲೆ. ಅಂತರ ಚೆಂದ ಕಾಣುತ್ತಿದ್ದದ್ದು ಅಲ್ಲಿ. ಆದರೆ ಬಲಗಡೆ ಆಕೆಯ ಗಟ್ಟಿ ವಸಡಿನ ಪಟ್ಟಿ ಸಣ್ಣದಿತ್ತು. ಸ್ಕ್ರೂ ಚುಚ್ಚಲು ಸಾಧ್ಯವಿದ್ದದ್ದು ನಾಲ್ಕೈದು ಮಿಲಿಮೀಟರ್ ಎತ್ತರದಲ್ಲಿ ಮಾತ್ರ. ಅಳೆದದ್ದು ಒಂದು ಕಡೆ, ಕೂರಿಸಿದ್ದು ಇನ್ನೊಂದು ಕಡೆ.

ಆಕೆಗೆ ಇಂಜೆಕ್ಷನ್ ಅಂದರೆ ಭಯ. ಎಡಗಡೆ ಬರೀ ಜೆಲ್ ಹಚ್ಚಿ, ಒಂದೆರಡು ಹನಿ ಮದ್ದು ಕೊಟ್ಟು ಸ್ಕ್ರೂ ಹಾಕಿದೆ. ಸಲೀಸಾಗಿ ಹೋಯಿತು. ಬಲಗಡೆಗೆ ಬರುವಷ್ಟರಲ್ಲಿ ಆಕೆಯ ಕೈ ನಡುಗುತ್ತಿತ್ತು. "ಇನ್ನೊಂದ್ ಸ್ವಲ್ಪ ಮದ್ದು ಕೊಡ್ರಿ ಸರ್" ಅಂದಳು. ಪಾಪ ಅನ್ನಿಸಿತು. ಕೊಟ್ಟೆ. ಸ್ವಲ್ಪ ಅಲ್ಲ, ಹಲ್ಲು ಕೀಳುವಾಗ ಕೊಡುವಷ್ಟೇ ಕೊಟ್ಟೆ.

ಇದೇ ಮೊದಲ ತಿರುವು. ಆಗ ನನಗೆ ಹಾಗೆ ಅನ್ನಿಸಿರಲಿಲ್ಲ. ಮಿನಿಸ್ಕ್ರೂ ಹಾಕಲು ಮೇಲಿನ ವಸಡು ಮರಗಟ್ಟಿದರೆ ಸಾಕು. ಎಲುಬಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಬೇರಿನ ಸುತ್ತಲಿನ ಪೊರೆಗೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಕ್ರೂ ಬೇರಿನ ಹತ್ತಿರ ಹೋದರೆ ರೋಗಿಗೆ ಚುರುಕ್ ಅನ್ನುತ್ತದೆ, ಕೈ ಎತ್ತುತ್ತಾರೆ, ನಾವು ನಿಲ್ಲಿಸುತ್ತೇವೆ. ಎಷ್ಟೇ ಎಕ್ಸ್‌ರೇ ನೋಡಿರಲಿ, ಕೊನೆಯ ಕಾವಲುಗಾರ ಆ ಪೊರೆಯೇ. ಕರುಣೆ ತೋರಿಸಲು ಹೋಗಿ ನಾನು ಕಾವಲುಗಾರನನ್ನೇ ಮಲಗಿಸಿಬಿಟ್ಟೆ.

ಸ್ಕ್ರೂ ತಿರುಗಿಸುತ್ತಾ ಹೋದೆ. ಇನ್ನು ಎರಡು ಮಿಲಿಮೀಟರ್ ಉಳಿದಿರುವಾಗ ಕೈಗೆ ಬಿಗಿ ಹತ್ತಿತು. ಎಡಗಡೆ ಹೀಗಿರಲಿಲ್ಲ. ಬಿಗಿ ಆಗುವುದಕ್ಕೆ ಎರಡು ಕಾರಣ ಇರಬಹುದು. ಒಂದೋ ಎಲುಬು ಗಟ್ಟಿ ಇದೆ, ಇಲ್ಲವೇ ಬೇರು ಸಿಕ್ಕಿದೆ. ಒಳ್ಳೆಯ ಎಲುಬು, ಗಟ್ಟಿಯಾಗಿ ನಿಲ್ಲುತ್ತದೆ ಅಂದುಕೊಂಡೆ. ನಮಗೆ ಬೇಕಾದ ಅರ್ಥವನ್ನೇ ಕೈಯೂ ಹೇಳುತ್ತದೆ ನೋಡಿ.

ಕೂರಿಸಿದ ಮೇಲೆ ಒಂದು ಸಣ್ಣ ಎಕ್ಸ್‌ರೇ ತೆಗೆದೆ. ಸ್ಕ್ರೂವಿನ ನೆರಳು ದವಡೆ ಹಲ್ಲಿನ ಬೇರಿನ ಮೇಲೆ ಸ್ವಲ್ಪ ಬಿದ್ದಿತ್ತು. ಎಕ್ಸ್‌ರೇ ಚಪ್ಪಟೆ ಚಿತ್ರ. ಸ್ಕ್ರೂ ಬೇರಿನ ಮುಂದೆ ಇದ್ದರೂ ಹಾಗೇ ಕಾಣುತ್ತದೆ, ಒಳಗೆ ಹೋಗಿದ್ದರೂ ಹಾಗೇ ಕಾಣುತ್ತದೆ. ಕೋನ ಬದಲಿಸಿ ಇನ್ನೊಂದು ತೆಗೆದಿದ್ದರೆ ಗೊತ್ತಾಗುತ್ತಿತ್ತು. ಹೊರಗೆ ಎಂಟು ಜನ ಕಾಯುತ್ತಿದ್ದರು. ತೆಗೆಯಲಿಲ್ಲ.

ಫೇಲಾದ ಬೋರಿನ ಬಾಜೂಕ

ಮೂರು ವಾರದ ನಂತರದ ಕತೆ ಮೊದಲೇ ಹೇಳಿದೆ. ಸಡಿಲಾದ ಸ್ಕ್ರೂವನ್ನು ಬೆರಳಿನಲ್ಲೇ ತಿರುಗಿಸಿ ತೆಗೆದೆ.

ಈಗ ಎರಡನೇ ತಿರುವು. ಸ್ಕ್ರೂ ಸಡಿಲಾದಾಗ ಅದೇ ತೂತಿಗೆ ಇನ್ನೊಂದು ದಪ್ಪ ಸ್ಕ್ರೂ ಹಾಕುವ ಚಾಳಿ ನಮ್ಮಲ್ಲಿ ಇದೆ. ಬಡಗಿ ಮರಕ್ಕೆ ಮಾಡುವ ಹಾಗೆ. ಟ್ರೇಯಲ್ಲಿ 2 ಮಿಲಿಮೀಟರ್ ಸ್ಕ್ರೂ ಇತ್ತು, ಆಕೆ ಕುರ್ಚಿಯಲ್ಲೇ ಇದ್ದಳು, ಐದು ನಿಮಿಷದ ಕೆಲಸ. ಕೈ ಅತ್ತ ಹೋಗಿತ್ತು ಕೂಡ.

ನಿಲ್ಲಿಸಿದ್ದು ಆಕೆಯ "ಜುಮ್" ಅನ್ನುವ ಮಾತು. ಸಡಿಲಾದ ಸ್ಕ್ರೂ ಸುಮ್ನೆ ಅಲ್ಲಾಡುತ್ತದೆ, ವಸಡು ನೋಯುತ್ತದೆ, ಅಷ್ಟೇ. ಕಡಿದಾಗ ಹಲ್ಲಿನೊಳಗೆ ಜುಮ್ ಅನ್ನಬೇಕಾದರೆ ಬೇರಿನ ಸಮಾಚಾರ ಏನೋ ಇದೆ. ದವಡೆ ಹಲ್ಲನ್ನು ತಟ್ಟಿ ನೋಡಿದೆ. ಪಕ್ಕದ ಹಲ್ಲಿಗಿಂತ ಜಾಸ್ತಿ ನೋವು. ತಣ್ಣನೆಯ ಪರೀಕ್ಷೆ ಮಾಡಿದೆ. ಒಳಗಿನ ನರ ಜೀವಂತವಾಗಿತ್ತು. ಸ್ವಲ್ಪ ಉಸಿರು ಬಂತು.

ಅಪ್ಪನನ್ನು ಒಳಗೆ ಕರೆದೆ. ಏನಾಗಿರಬಹುದು ಅಂತ ಇಬ್ಬರಿಗೂ ಹೇಳಿದೆ. ಸ್ಕ್ರೂ ಬೇರಿಗೆ ತಾಗಿರುವ ಸಾಧ್ಯತೆ ಇದೆ, ಅದು ನನ್ನ ಅಳತೆಯ ತಪ್ಪು, ಬೇರಿನ ಹೊರಗಿನ ಗಾಯ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಮಾಯುತ್ತದೆ, ಆದರೂ ಹಲ್ಲಿನ ಮೇಲೆ ಕಣ್ಣಿಡಬೇಕು, ಈಗ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಬೇಕು, ಅದರ ಖರ್ಚು ನನ್ನದು. ಹೇಳುವಾಗ ಬಾಯಿ ಒಣಗಿತ್ತು.

ಅವರು ಬೈಯಲಿಲ್ಲ. ತಲೆ ಕೆರೆದುಕೊಂಡು ಕೇಳಿದರು. "ಅಲ್ರಿ ಡಾಕ್ಟ್ರೇ, ಮತ್ತ ಅಲ್ಲೇ ಹಾಕ್ತೀರೇನ್ರಿ? ನಮ್ಮ ಹೊಲದಾಗ ಮೂರು ಬೋರ್ ಹಾಕಿಸೀನಿ. ಫೇಲಾದ ಬೋರಿನ ಬಾಜೂಕೇ ಮತ್ತೊಂದು ಯಾರೂ ಹಾಕ್ಸಂಗಿಲ್ರಿ. ಮೊದಲ ಪಾಯಿಂಟ್ ನೋಡಸ್ತೀವಿ."

ಪಾಯಿಂಟ್ ನೋಡಿಸುವುದು ಅಂದರೆ ತೆಂಗಿನಕಾಯಿ ಅಂಗೈಲಿಟ್ಟುಕೊಂಡು ಹೊಲ ಸುತ್ತುವುದು. ಆದರೂ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ನಾನು ಓಪಿಜಿ ನೋಡಿ ಮಾಡಿದ್ದೂ ತೆಂಗಿನಕಾಯಿಗಿಂತ ಬಹಳ ಮೇಲಿನದೇನಲ್ಲ.

ಸ್ಕ್ಯಾನ್ ಮರುದಿನವೇ ಆಯಿತು. ಎಲುಬಿನ ಅಂಚಿನಿಂದ ಐದು ಮಿಲಿಮೀಟರ್ ಎತ್ತರದಲ್ಲಿ ಎಡಗಡೆ ಬೇರುಗಳ ಅಂತರ 3.7. ಬಲಗಡೆ 2.4. ನನ್ನ 1.6ರ ಸ್ಕ್ರೂ ಕೂದಲೆಳೆ ತಪ್ಪದೆ ನಡುವೆ ಹೋಗಿದ್ದರೂ ಒಂದೊಂದು ಪಕ್ಕ ಅರ್ಧ ಮಿಲಿಮೀಟರೂ ಉಳಿಯುತ್ತಿರಲಿಲ್ಲ. ಬಲಗಡೆ ದವಡೆ ಹಲ್ಲಿನ ಮುಂದಿನ ಬೇರು ಹೊಟ್ಟೆ ಬಿಟ್ಟ ಹಾಗೆ ಮುಂದಕ್ಕೆ ಬಾಗಿ, ಮೇಲೆ ಹೋಗಿ ಮತ್ತೆ ಹಿಂದೆ ಸರಿದಿತ್ತು. ಎಂಟು ಮಿಲಿಮೀಟರ್ ಎತ್ತರದಲ್ಲಿ ಜಾಗ ಕಂಡದ್ದು ಅದಕ್ಕೇ. ಆ ಹೊಟ್ಟೆಯ ಮೇಲೆ, ಸ್ಕ್ರೂ ಇದ್ದ ಕಡೆ, ಒಂದು ಸಣ್ಣ ತಗ್ಗು. ನರದ ಕಾಲುವೆಯಿಂದ ಬಹಳ ದೂರ. ಮೇಲುಮೇಲಿನ ಗಾಯ ಅಷ್ಟೇ.

ಸ್ಕ್ರೂ ಹೋದ ದಾರಿಯೂ ಕಾಣುತ್ತಿತ್ತು. ತುದಿ ಹಿಂದಕ್ಕೆ, ದವಡೆ ಹಲ್ಲಿನ ಕಡೆಗೆ ವಾಲಿತ್ತು. ಯಾಕೆ ಅಂತ ಮೊದಲು ಹೊಳೆಯಲಿಲ್ಲ. ಖಾಲಿ ಕುರ್ಚಿಯ ಪಕ್ಕ ನಿಂತು, ಡ್ರೈವರ್ ಹಿಡಿದು ಮತ್ತೆ ಮಾಡಿ ನೋಡಿದೆ. ನೇರ ಡ್ರೈವರಿನ ಹಿಡಿಕೆ ಉದ್ದ. ಬಾಯಿಯ ಮೂಲೆ ಅದನ್ನು ಮುಂದಕ್ಕೆ ನೂಕುತ್ತದೆ. ಹಿಡಿಕೆ ಮುಂದೆ ಬಂದರೆ ತುದಿ ಹಿಂದೆ ಹೋಗಲೇಬೇಕು. ಎಡಗಡೆ ಹಾಕುವಾಗ ನನ್ನ ಎಡಗೈ ಕೆನ್ನೆಯನ್ನು ಚೆನ್ನಾಗಿ ಹಿಡಿದಿತ್ತು. ಬಲಗಡೆ ಕೆನ್ನೆ ಹಿಡಿದದ್ದು ಅಸಿಸ್ಟೆಂಟ್. ಆಕೆಯ ತಪ್ಪಲ್ಲ, ಎಷ್ಟು ಎಳೆಯಬೇಕು ಅಂತ ನಾನು ಹೇಳಿರಲೇ ಇಲ್ಲ.

ಎಲ್ಲಿ ಹಾಕುವುದು?

ಸ್ಕ್ಯಾನ್ ಮುಂದಿಟ್ಟುಕೊಂಡು ಎರಡು ಸಂಜೆ ಯೋಚಿಸಿದೆ. ಬಂದ ಯೋಚನೆಗಳನ್ನು ಬಂದ ಹಾಗೇ ಹೇಳುತ್ತೇನೆ.

ಅದೇ ಜಾಗದಲ್ಲಿ ಇನ್ನೂ ಮೇಲೆ? ಸಡಿಲ ಚರ್ಮ. ಅದೂ ಅಲ್ಲದೆ ಆಕೆಯ ಸೈನಸ್, ಅಂದರೆ ಕೆನ್ನೆಯ ಒಳಗಿನ ಗಾಳಿ ಗೂಡು, ಬಲಗಡೆ ಬೇರುಗಳ ನಡುವೆ ಇಳಿದುಬಂದಿತ್ತು. ಸ್ಕ್ರೂ ಸೈನಸ್‌ಗೆ ಚೂರು ತೂತು ಮಾಡಿದರೆ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಹಿಡಿತಕ್ಕೆ ಎಲುಬೇ ಇಲ್ಲದ ಕಡೆ ಹಾಕಿ ಏನು ಮಾಡುವುದು?

ಕೆನ್ನೆ ಎಲುಬಿನ ಬುಡದ ಏಣು ಈಗ ಬಹಳ ಜನರ ಮೆಚ್ಚಿನ ಜಾಗ. ಬೇರುಗಳ ನಡುವೆ ನುಗ್ಗುವ ತಾಪತ್ರಯ ಇಲ್ಲ, ಬೇರುಗಳ ಹೊರಗೆ ನಿಲ್ಲುತ್ತದೆ. 2 ಮಿಲಿಮೀಟರ್ ದಪ್ಪದ ಉದ್ದ ಸ್ಕ್ರೂ ಬೇಕು. 2007ರಲ್ಲಿ ತೈವಾನಿನ ಲಿಯೋ ಮತ್ತು ಜೊತೆಗಾರರು ಹೇಳಿದ ಹಾಗೆ 55ರಿಂದ 70 ಡಿಗ್ರಿ ಓರೆಯಲ್ಲಿ ಹೋಗಬೇಕು. ಈಕೆಗೆ ಅಲ್ಲಿ ಎಲುಬು ತೆಳ್ಳಗಿತ್ತು, ನಾಲ್ಕು ಮಿಲಿಮೀಟರ್ ಇರಬಹುದು. ಆಚೆ ಸೈನಸ್. ಬಿಟ್ಟೆ.

ಬೇರುಗಳನ್ನು ದೂರ ಸರಿಸಿ ಆಮೇಲೆ ಹಾಕುವುದು ಇನ್ನೊಂದು ದಾರಿ. ಎರಡನೇ ಪ್ರೀಮೋಲಾರಿನ ಬ್ರಾಕೆಟ್ ಸ್ವಲ್ಪ ಓರೆ ಮಾಡಿ ಅಂಟಿಸಿದರೆ ಬೇರು ಮುಂದಕ್ಕೆ ಹೋಗುತ್ತದೆ, ಎರಡು ಮೂರು ತಿಂಗಳಲ್ಲಿ ಜಾಗ ಸಿಗುತ್ತದೆ. ಗಾಯವಾದ ಬೇರಿನ ಪಕ್ಕದಲ್ಲೇ ಮತ್ತೆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಆಕೆಯ ಡಿಗ್ರಿ ಕೊನೆಯ ವರ್ಷಕ್ಕೆ ಬಂದಿತ್ತು ಅನ್ನುವುದೂ ತಲೆಯಲ್ಲಿತ್ತು.

ಅಂಗುಳಿನ ಮುಂಭಾಗ. ಅಂಗುಳಿನ ಚರ್ಮದಲ್ಲಿರುವ ಅಡ್ಡ ಮಡಿಕೆಗಳಲ್ಲಿ ಮೂರನೆಯದರ ಹಿಂದೆ, ನಡುಗೆರೆಯ ಅಕ್ಕಪಕ್ಕ. ಎಲುಬು ದಪ್ಪ, ವಸಡು ಗಟ್ಟಿ, ಬೇರು ಯಾವುದೂ ಅಡ್ಡ ಬರುವುದಿಲ್ಲ. ಹದಿಹರೆಯದವರಲ್ಲಿ ನಡುಗೆರೆ ಇನ್ನೂ ಬೆಸೆದಿರುವುದಿಲ್ಲ, ಅದಕ್ಕೇ ಪಕ್ಕದಲ್ಲಿ ಹಾಕುವುದು. ನಿಜ ಹೇಳಬೇಕೆಂದರೆ ಸುರಕ್ಷಿತ ಅನ್ನುವ ಮಾತಿಗೆ ಎಲ್ಲಕ್ಕಿಂತ ಹತ್ತಿರದ ಜಾಗ ಇದೇ. ಆದರೆ ಎರಡು ಸ್ಕ್ರೂ ಬೇಕು, ಲ್ಯಾಬಿನಲ್ಲಿ ಅಳತೆಗೆ ಚೌಕಟ್ಟು ಮಾಡಿಸಬೇಕು. ಖರ್ಚು ಮತ್ತು ಅಳುಕು ಎರಡೂ ಸೇರಿ ನಾನು ಇದನ್ನು ಬಿಟ್ಟೆ. ಇವತ್ತಾದರೆ ಇದನ್ನೇ ಆರಿಸುತ್ತೇನೆ.

ಉಳಿದದ್ದು ಅದೇ ಎರಡು ಹಲ್ಲುಗಳ ನಡುವೆ, ಆದರೆ ಅಂಗುಳಿನ ಕಡೆಯಿಂದ. ದವಡೆ ಹಲ್ಲಿಗೆ ಕೆನ್ನೆಯ ಕಡೆ ಎರಡು ಬೇರು, ಅಂಗುಳಿನ ಕಡೆ ಒಂದೇ. ಹಾಗಾಗಿ ಒಳಗಡೆ ಜಾಗ ವಿಶಾಲ. ಸ್ಕ್ಯಾನ್‌ನಲ್ಲಿ ಅಳೆದೆ, 4.6. ಈ ಸಲ ಯಾವ ಎತ್ತರದಲ್ಲಿ ಚುಚ್ಚುತ್ತೇನೋ ಅದೇ ಎತ್ತರದಲ್ಲಿ ಅಳೆದೆ.

ಅಂಗುಳಿನ ಕಡೆ ಹೆದರಬೇಕಾದದ್ದು ರಕ್ತನಾಳಕ್ಕೆ. ಹಿಂದಿನಿಂದ ಮುಂದಕ್ಕೆ ದೊಡ್ಡ ನಾಳವೊಂದು ಹರಿಯುತ್ತದೆ. ಅಂಗುಳು ತಗ್ಗಾಗಿದ್ದರೆ ಅದು ಹಲ್ಲಿನ ಕುತ್ತಿಗೆಯಿಂದ ಸುಮಾರು 7 ಮಿಲಿಮೀಟರ್ ದೂರ, ಸಾಧಾರಣವಾಗಿದ್ದರೆ 12, ಎತ್ತರದ ಅಂಗುಳಿನಲ್ಲಿ 17. ಆಕೆಯದು ಎತ್ತರದ ಅಂಗುಳು. ಹಲ್ಲಿನ ಕುತ್ತಿಗೆಯಿಂದ ಆರು ಮಿಲಿಮೀಟರ್ ಆಸುಪಾಸಿನಲ್ಲಿ ನಿಂತರೆ ಭಯವಿಲ್ಲ. ವಸಡು ಅಲ್ಲಿ ದಪ್ಪ. ಸೂಜಿಗೆ ರಬ್ಬರ್ ಬಿಲ್ಲೆ ಹಾಕಿ ಚುಚ್ಚಿ ನೋಡಿದೆ, ಸುಮಾರು ಮೂರೂವರೆ. ಹಾಗಾಗಿ ಉದ್ದ ಕುತ್ತಿಗೆಯ 10 ಮಿಲಿಮೀಟರ್ ಸ್ಕ್ರೂ ತೆಗೆದುಕೊಂಡೆ. ಆರು ಮಿಲಿಮೀಟರ್ ಆದರೂ ಎಲುಬಿನೊಳಗೆ ಇರಬೇಕಲ್ವಾ.

ಎಳೆಯುವ ರೀತಿಯೂ ಬದಲಾಯಿತು. ಒಳಗಿನ ಸ್ಕ್ರೂವಿನಿಂದ ಹೊರಗಿನ ಹಲ್ಲುಗಳನ್ನು ನೇರವಾಗಿ ಎಳೆಯಲಾಗದು. ಎರಡೂ ಕಡೆಯ ದವಡೆ ಹಲ್ಲುಗಳನ್ನು ಅಂಗುಳಿನ ಅಡ್ಡ ತಂತಿಯಿಂದ ಜೋಡಿಸಿ, ಆ ತಂತಿಯನ್ನು ಸ್ಕ್ರೂಗೆ ಬಿಗಿದೆ. ಬಲಗಡೆ ಸ್ಪ್ರಿಂಗ್ ದವಡೆ ಹಲ್ಲಿನಿಂದಲೇ ಎಳೆಯುತ್ತದೆ, ದವಡೆ ಹಲ್ಲನ್ನು ಸ್ಕ್ರೂ ಹಿಡಿದಿರುತ್ತದೆ.

ಎರಡನೇ ಸಲ

ಗಾಯ ಮಾಯಲು ಆರು ವಾರ ಬಿಟ್ಟೆ. ಆ ದಿನ ಬೇರೆ ಯಾರಿಗೂ ಅಪಾಯಿಂಟ್‌ಮೆಂಟ್ ಕೊಟ್ಟಿರಲಿಲ್ಲ.

ಮದ್ದು ಅರ್ಧ ಎಂಎಲ್‌ಗಿಂತ ಕಡಿಮೆ. ಆಕೆಗೆ ಮೊದಲೇ ಕಾರಣ ಹೇಳಿದೆ. "ನೋಡಮ್ಮ, ಒತ್ತಿದ ಹಾಗಾದರೆ ಸುಮ್ಮನಿರು. ಹಲ್ಲಿನೊಳಗೆ ಜುಮ್ ಅಂದ ಕೂಡಲೇ ಎಡಗೈ ಎತ್ತು. ಈ ಸಲ ನೀನೇ ನನಗೆ ದಾರಿ ತೋರಿಸಬೇಕು." ಹೀಗೆ ಹೇಳಿದರೆ ಇನ್ನೂ ಹೆದರುತ್ತಾಳೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ತನಗೂ ಒಂದು ಕೆಲಸ ಸಿಕ್ಕಿದ್ದಕ್ಕೋ ಏನೋ, ಕೈ ನಡುಗಲಿಲ್ಲ.

ಅರ್ಧ ದಾರಿಯಲ್ಲಿ ಎಡಗೈ ಮೇಲೆ ಬಂತು. ನನ್ನ ಕೈಗೆ ಯಾವ ಬಿಗಿಯೂ ಗೊತ್ತಾಗಿರಲಿಲ್ಲ. ಎರಡು ಸುತ್ತು ಹಿಂದೆ ತಿರುಗಿಸಿ, ತುದಿಯನ್ನು ಚೂರು ಮುಂದಕ್ಕೆ ಮಾಡಿ ಮತ್ತೆ ಹೋದೆ. ಕೈ ಕೆಳಗೇ ಇತ್ತು. ಆಮೇಲೆ ಎರಡು ಕೋನದಲ್ಲಿ ಎಕ್ಸ್‌ರೇ. ಎರಡರಲ್ಲೂ ಸ್ಕ್ರೂ ಬೇರುಗಳಿಂದ ದೂರ ನಿಂತಿತ್ತು.

ಮೊದಲ ಹತ್ತು ದಿನ ನಾಲಿಗೆ ಉಜ್ಜಿ ಹುಣ್ಣಾಯಿತು. ಸ್ಕ್ರೂ ತಲೆಗೆ ಸ್ವಲ್ಪ ಹಲ್ಲು ತುಂಬುವ ಸಿಮೆಂಟ್ ಹಚ್ಚಿ ನುಣುಪು ಮಾಡಿದ ಮೇಲೆ ಸರಿಹೋಯಿತು. ಮನೆಯಿಂದ ಬರುವ ಕಡಕ್ ರೊಟ್ಟಿ ಬೇಡ, ಬಿಸಿ ರೊಟ್ಟಿ ತಿನ್ನು, ಕಡಕ್ಕೇ ಬೇಕಿದ್ದರೆ ಬೇಳೆಯಲ್ಲಿ ನೆನೆಸಿಕೋ ಅಂತ ಹೇಳಿದ್ದೆ. ಪಾಲಿಸಿದಳು ಅಂತ ನಂಬಿದ್ದೇನೆ. ಬ್ರಾಕೆಟ್ ಉದುರಿದ ಲೆಕ್ಕ ನೋಡಿದರೆ ಅನುಮಾನ.

ಆದದ್ದು

ಜಾಗ ಮುಚ್ಚಲು ಹದಿಮೂರು ತಿಂಗಳು ಬೇಕಾಯಿತು. ಒಂದೊಂದು ಕಡೆ 150 ರಿಂದ 200 ಗ್ರಾಂ ಎಳೆತ. 9 ಮಿಲಿಮೀಟರ್ ಮುಂಚಾಚು ಎರಡೂವರೆಗೆ ಇಳಿಯಿತು. ತುಟಿ ತಾನಾಗಿ ಮುಚ್ಚಿತು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಎಡಗಡೆ ದವಡೆ ಹಲ್ಲು ಅರ್ಧ ಮಿಲಿಮೀಟರ್ ಮುಂದೆ ಬಂದಿತ್ತು, ಬಲಗಡೆಯದು ಒಂದೂವರೆ. ಸ್ವಲ್ಪ ಆ ಆರು ವಾರದಲ್ಲಿ ಹೋದದ್ದು, ಉಳಿದದ್ದು ಅಡ್ಡ ತಂತಿ ಬಾಗಿದ್ದರಿಂದ. ಸ್ಕ್ರೂ ಅಲುಗದಿದ್ದರೂ ನಡುವಿನ ತಂತಿ ಬಾಗಿದರೆ ಹಲ್ಲು ಸರಿಯುತ್ತದೆ. ಇನ್ನೂ ದಪ್ಪ ತಂತಿ ಹಾಕಬೇಕಿತ್ತು. ಮೇಲಿನ ಹಲ್ಲಿನ ನಡುಗೆರೆ ಒಂದು ಮಿಲಿಮೀಟರ್ ಎಡಕ್ಕೆ ಉಳಿಯಿತು. ಆಕೆಗೆ ಅದು ಕಂಡಿಲ್ಲ. ನನಗೆ ಆಕೆ ನಕ್ಕಾಗಲೆಲ್ಲ ಮೊದಲು ಕಾಣುವುದೇ ಅದು.

ಎಡಗಡೆಯ ಸ್ಕ್ರೂ ಕೊನೆಯವರೆಗೂ ಗಟ್ಟಿ ನಿಂತಿತು. ಆದರೂ ಐದನೇ ತಿಂಗಳು ಅಳೆದಾಗ ಅದರ ತಲೆ ಸುಮಾರು ಒಂದು ಮಿಲಿಮೀಟರ್ ಮುಂದಕ್ಕೆ ವಾಲಿತ್ತು. 2004ರಲ್ಲಿ ಲಿಯೋ ಇದನ್ನೇ ತೋರಿಸಿದ್ದರು. ಗಟ್ಟಿ ಇರುವ ಸ್ಕ್ರೂ ಕೂಡ ಎಳೆತಕ್ಕೆ ನಿಧಾನವಾಗಿ ಸರಿಯಬಹುದು, ಅದಕ್ಕೇ ಬೇರಿನಿಂದ ಎರಡು ಮಿಲಿಮೀಟರ್ ದೂರ ಇಡಿ ಅಂದಿದ್ದರು. ಬೇರುಗಳ ನಡುವೆ ಅಷ್ಟೊಂದು ಜಾಗ ಯಾರ ಬಾಯಿಯಲ್ಲಿ ಸಿಗುತ್ತದೆ? ಬೇರಿಲ್ಲದ ಜಾಗವನ್ನೇ ಮೊದಲು ನೋಡು ಅಂತ ಈ ಲೆಕ್ಕ ಹೇಳುತ್ತದೆ.

ಸ್ಕ್ರೂ ಬೀಳುವುದು ಅಪರೂಪವೇನಲ್ಲ. 2012ರಲ್ಲಿ ಪಾಪಜಾರ್ಜಿಯೊ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ನೂರಕ್ಕೆ 13.5 ಬಿದ್ದಿದ್ದವು. ಬೇರಿಗೆ ತಾಗಿದವು ಹೆಚ್ಚು ಬಿದ್ದಿದ್ದವು, ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚು. ಕೆಳಗಿನ ಎಲುಬು ಗಟ್ಟಿ, ಅಲ್ಲೇ ಚೆನ್ನಾಗಿ ನಿಲ್ಲಬೇಕಲ್ಲ ಅಂತ ಕಿರಿಯರು ಕೇಳುತ್ತಾರೆ. ಗಟ್ಟಿ ಎಲುಬಿನಲ್ಲಿ ಒತ್ತಾಯಿಸಿ ತಿರುಗಿಸಿದರೆ ಎಲುಬು ಬಿಸಿಯಾಗುತ್ತದೆ, ಬಿಗಿತಕ್ಕೆ ನಲುಗುತ್ತದೆ. ಗಟ್ಟಿ ವಸಡೂ ಅಲ್ಲಿ ಕಡಿಮೆ. ಪ್ರೀಮೋಲಾರ್‌ಗಳ ಕೆಳಗೆ ನರ ಹೊರಬರುವ ಕಿಂಡಿ ಇದೆ ಅನ್ನುವುದನ್ನೂ ಮರೆಯಬಾರದು.

ಈ ಪ್ರಕರಣದ ನಂತರ ನನ್ನ ಟ್ರೇಯಲ್ಲಿ ಮೂರು ಬದಲಾವಣೆ ಆಗಿದೆ. ಒಂದು ಸ್ಕೇಲ್ ಬಂದಿದೆ. ಮೊದಲು ಗಟ್ಟಿ ವಸಡು ಎಲ್ಲಿ ಮುಗಿಯುತ್ತದೆ ಅಂತ ಬಾಯಿಯಲ್ಲಿ ಅಳೆದು, ಆಮೇಲೆ ಎಕ್ಸ್‌ರೇಯಲ್ಲಿ ಅದೇ ಎತ್ತರದಲ್ಲಿ ಜಾಗ ನೋಡುತ್ತೇನೆ. ಉಲ್ಟಾ ಅಲ್ಲ. ಅನುಮಾನವಿದ್ದರೆ ಸ್ಕ್ಯಾನ್, ಆದರೆ ಎಲ್ಲರಿಗೂ ಅಲ್ಲ. ವಿಕಿರಣವನ್ನೂ ಯೋಚಿಸಬೇಕು, ರೈತರ ಜೇಬನ್ನೂ. ನೇರ ಡ್ರೈವರಿನ ಪಕ್ಕ ಗಿಡ್ಡ ಕುತ್ತಿಗೆಯ ಬಾಗಿದ ಡ್ರೈವರ್ ಬಂದಿದೆ. ಸಿರಿಂಜಿನಲ್ಲಿ ಮದ್ದು ತುಂಬುವಾಗ ಅರ್ಧ ಎಂಎಲ್ ಗೆರೆಯ ಮೇಲೆ ಹೋಗುವುದಿಲ್ಲ.

ಕ್ಲಿಪ್ ತೆಗೆದ ದಿನ ಬಲಗಡೆ ದವಡೆ ಹಲ್ಲಿನ ಎಕ್ಸ್‌ರೇ ಮತ್ತೆ ತೆಗೆದೆ. ಬೇರಿನ ಅಂಚು ನುಣುಪಾಗಿ ಕಾಣುತ್ತಿತ್ತು. ತಣ್ಣನೆಯ ಪರೀಕ್ಷೆಗೆ ಎಡಗಡೆಯಷ್ಟೇ ಬೇಗ ಕೈ ಎತ್ತಿದಳು. ಆದರೂ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ, ವರ್ಷಕ್ಕೊಮ್ಮೆ ಆ ಹಲ್ಲನ್ನು ತೋರಿಸಬೇಕು ಅಂತ. ಓದು ಮುಗಿಸಿ ಊರಿಗೆ ಹೋಗಿದ್ದಾಳೆ. ಮುಂದಿನ ಸಲ ಬರಬೇಕಾದದ್ದು ತೊಗರಿ ರಾಶಿ ಮುಗಿದ ಮೇಲೆ.